ಸಮಸ್ಯೆ: “ಕುರುಡನ ಮಗನನು ಕಣ್ಣೇ ಕೊಂದಿತು”

ಗೆಳೆಯರೇ, ಕೊಟ್ಟ ಒಗಟಿನಂಥ ಸಾಲನ್ನು ಅರ್ಥ ಕೂಡುವಂತೆ ಪದ್ಯವಾಗಿ ಪೂರ್ತಿ ಮಾಡುವುದೇ ಸಮಸ್ಯಾಪೂರಣ. ಈ ಸಲದ ಸಾಲು ಇದು:

ಕುರುಡನ ಮಗನನು ಕಣ್ಣೇ ಕೊಂದಿತು

ಸಾಲಿಗೆ 4 ಮಾತ್ರೆಯ 4 ಗಣ (ಗಣ ಅಂದರೆ ಮಾತ್ರೆಗಳ ಗುಂಪು; ಲಘು 1 ಮಾತ್ರೆ, ಗುರು 2), ಒಟ್ಟು 4 ಸಾಲು. ಆದಿಪ್ರಾಸ ‘ರ’, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ‘ರ’ ಬರಬೇಕು. ಗಣದಲ್ಲಿ ಲಘು-ಗುರು-ಲಘು ಬೇಡ, ನಡೆ ಎಡವುತ್ತದೆ. ಕೊಟ್ಟ ಸಾಲು ಕೊನೆಗೇ ಬರಬೇಕು. ದುರ್ಯೋಧನನ ತೊಡೆ ಮುರಿದದ್ದು ಭೀಮನ ಗದೆ. ಹಾಗಾದರೆ ಕಣ್ಣು ಕೊಂದದ್ದು ಹೇಗೆ? ಬಿಡಿಸಿ. ಎಲ್ಲವನ್ನೂ ಶಕುನಿಯ ತಲೆಗೆ ಕಟ್ಟಿ ಕೈತೊಳೆದುಕೊಂಡರೆ ಒಪ್ಪುವುದಿಲ್ಲ, ಈಗಲೇ ಹೇಳಿರುತ್ತೇನೆ.

ಪೂರಣ

ಸಿರಿಯನು ಕಂಡಿತು ದಾಯಾದಿಗಳಲಿ,
ಉರಿಯಿತು, ನೂರೆಂಟಿದ್ದುದ ಮರೆಯಿತು;
ಹಿರಿಯರು ತೋರಿದ ದಾರಿಯ ಕಾಣದ
ಕುರುಡನ ಮಗನನು ಕಣ್ಣೇ ಕೊಂದಿತು.

ರಾಜಸೂಯದಲ್ಲಿ ಕಪ್ಪಕಾಣಿಕೆ ತೆಗೆದುಕೊಳ್ಳುವ ಕೆಲಸ ಧರ್ಮರಾಯ ವಹಿಸಿದ್ದು ಇವನಿಗೇ. ತೆಗೆದುಕೊಂಡು ತೆಗೆದುಕೊಂಡು ಕೈ ಸೋತಿತು ಎಂದು ಆಮೇಲೆ ಅಪ್ಪನ ಮುಂದೆ ಗೋಳಾಡುತ್ತಾನೆ. ಅಷ್ಟೂ ಸಂಪತ್ತು ಅವನ ಕೈಮೇಲೇ ಹಾದುಹೋಯಿತು, ಒಂದೂ ಅವನದಲ್ಲ. ಹೊಟ್ಟೆಕಿಚ್ಚಿಗೆ ಇನ್ನೇನು ಬೇಕು?

ಸಮಸ್ಯೆ ಕೊಟ್ಟವರ ಮಾತು

‘ನೂರೆಂಟಿದ್ದುದ ಮರೆಯಿತು’ ಬಹಳ ಹಿಡಿಸಿತು. ಧೃತರಾಷ್ಟ್ರನೂ ಮೊದಲು ಇದನ್ನೇ ಹೇಳುತ್ತಾನೆ: ನಿನಗೇನು ಕಡಿಮೆ, ಪಾಂಡವರನ್ನು ದ್ವೇಷಿಸಬೇಡ, ಬೇಕಾದರೆ ನೀನೂ ಒಂದು ಯಜ್ಞ ಮಾಡು. ಅದಕ್ಕೆ ಮಗನ ಉತ್ತರ, ಅತೃಪ್ತಿಯೇ ಸಿರಿಯ ಬೇರು ಅಂತ! ಹೊಟ್ಟೆಕಿಚ್ಚನ್ನು ರಾಜನೀತಿ ಮಾಡಿಬಿಟ್ಟ. ಕುರುಡನಿಗೆ ಕಂಡದ್ದು ಕಣ್ಣಿದ್ದವನಿಗೆ ಕಾಣಲಿಲ್ಲ. ಆಮೇಲೆ ಅಪ್ಪನೂ ಜಗ್ಗಿದ, ಅದು ಬೇರೆ ಕಥೆ.

ಪೂರಣ, ಬೇರೆ ದಾರಿ

ಅರಿವೆಯ ಪಟ್ಟಿಯ ಬಿಚ್ಚಿದ ತಾಯಿಯ
ಎರಕದ ನೋಟಕೆ ಮೈಯೇ ವಜ್ರವು;
ಮರೆಯಲಿ ತೊಡೆಯನು ನೋಡದೆ ಬಿಟ್ಟಿತು –
ಕುರುಡನ ಮಗನನು ಕಣ್ಣೇ ಕೊಂದಿತು.

ಕಣ್ಣು ಅವನದೇ ಆಗಿರಬೇಕು ಅಂತ ನಿಯಮದಲ್ಲಿ ಇರಲಿಲ್ಲ, ಅಲ್ವಾ ಸರ್?

ಮರುಮಾತು

ಇರಲಿಲ್ಲ! ಜಾಣತನಕ್ಕೆ ಪೂರ್ತಿ ಅಂಕ. ಗಾಂಧಾರಿ ಪಟ್ಟಿ ಬಿಚ್ಚಿ ಮಗನ ಮೈ ವಜ್ರ ಮಾಡಿದ ಕಥೆ ವ್ಯಾಸಭಾರತದಲ್ಲಿಲ್ಲ, ಜನರ ಬಾಯಲ್ಲಿ ಬೆಳೆದದ್ದು. ಸಮಸ್ಯಾಪೂರಣಕ್ಕೆ ಅದು ಅಡ್ಡಿಯಲ್ಲ. ನನ್ನ ತಕರಾರು ಬೇರೆ. ಇಲ್ಲಿ ತಪ್ಪು ತಾಯಿಯ ನೋಟಕ್ಕೆ ಹೋಯಿತು, ಮಗ ಸುಮ್ನೆ ನಿಂತಿದ್ದ ಅನ್ನುವ ಹಾಗಾಯಿತು. ಶಕುನಿಯ ಜಾಗಕ್ಕೆ ಗಾಂಧಾರಿ ಬಂದಳು ಅಷ್ಟೆ.

ಇನ್ನೊಬ್ಬರ ಪ್ರಶ್ನೆ

ಹಾಗಾದರೆ ದ್ರೌಪದಿಯ ನಗುವಿಗೆ ಏನೂ ಪಾಲಿಲ್ಲವೇ? ಮಯಸಭೆಯಲ್ಲಿ ಅವಳು ನಕ್ಕಳು, ಇವನು ಕೆರಳಿದ. ಎಲ್ಲರೂ ಹೇಳುವುದು ಇದನ್ನೇ.

ಮರುಮಾತು

ವ್ಯಾಸರ ಕಥೆಯನ್ನು ಹತ್ತಿರದಿಂದ ನೋಡಿ. ಅವನು ನೀರಿಗೆ ಬಿದ್ದಾಗ ನಗುವವರು ಭೀಮ, ಅರ್ಜುನ, ನಕುಲ ಸಹದೇವರು, ಆಳುಗಳು. ದ್ರೌಪದಿ ಅಲ್ಲಿ ಕಾಣುವುದಿಲ್ಲ. ಊರಿಗೆ ಬಂದು ಅಪ್ಪನಿಗೆ ವರದಿ ಒಪ್ಪಿಸುವಾಗ ಮಾತ್ರ ಅವಳೂ ಹೆಂಗಸರ ಜೊತೆ ಸೇರಿ ನಕ್ಕಳು ಎನ್ನುತ್ತಾನೆ. ನಿಜವಾಗಿ ನಕ್ಕಳೋ, ಅವನಿಗೆ ಹಾಗೆ ಕಂಡಿತೋ? ನನಗೆ ಎರಡನೆಯದೇ ಸರಿ ಅನಿಸುತ್ತದೆ. ಕಿಚ್ಚು ಹೊತ್ತಿದವನಿಗೆ ನಗದವರ ನಗುವೂ ಕಾಣುತ್ತದೆ. ಈ ಸಾಲಿಗೆ ಇದೇ ಒಳ್ಳೆಯ ಕೀಲಿ. ಯಾರಾದರೂ ಪದ್ಯ ಮಾಡಿ.

ಪೂರಣ, ಅವನ ಬಾಯಲ್ಲೇ

“ಕರೆದವ ನಾನೇ, ಎಸೆದವ ಮಾವನು;
ಅರಿತೂ ತಪ್ಪಿದೆ, ವಿಧಿಯನು ದೂರೆನು.
ಬರೆಯಿರಿ ಕಲ್ಲಲಿ ನನ್ನದೆ ಮಾತಿದು –
ಕುರುಡನ ಮಗನನು ಕಣ್ಣೇ ಕೊಂದಿತು.”

ಜೂಜಿಗೆ ಕರೆಸಿದವನು ಇವನು, ದಾಳ ಎಸೆದವನು ಮಾತ್ರ ಶಕುನಿ. ಆ ಹೊಣೆಯನ್ನು ಅವನೇ ಹೊತ್ತುಕೊಳ್ಳಲಿ ಅಂತ ಬರೆದೆ.

ಮರುಮಾತು

ಅಕ್ಕಾ, ಮೊದಲ ಸಾಲಿಗೆ ನಮಸ್ಕಾರ. ಇಷ್ಟು ಚಿಕ್ಕ ಸಾಲಲ್ಲಿ ಇಡೀ ಸಭಾಪರ್ವ ಇದೆ. ಆದರೆ ಇವನು ನಮ್ಮ ದುರ್ಯೋಧನ ಹೌದೇ? ವಿದುರ ಬುದ್ಧಿ ಹೇಳಿದಾಗ ಅವನು ಕೊಟ್ಟ ಉತ್ತರ ನೆನಪಿದೆಯಲ್ಲ: ಆಳುವವನು ಒಬ್ಬನೇ, ಗರ್ಭದಲ್ಲಿರುವವನನ್ನೂ ಅವನೇ ಆಳುತ್ತಾನೆ, ಅವನು ಹೇಗೆ ಬಿಟ್ಟರೆ ಹಾಗೆ ನಾನು ಇಳಿಜಾರಿನ ನೀರಿನಂತೆ ಹರಿಯುತ್ತೇನೆ. ಕೇಳಲು ಎಂಥ ಭಕ್ತಿ! ಅಸಲಿಗೆ ಜಾರಿಕೊಳ್ಳುವ ದಾರಿ. ಐದು ಊರು ಕೇಳಿದರೂ ಸೂಜಿಮೊನೆಯಷ್ಟು ನೆಲ ಕೊಡೆನೆಂದವನು, ಬೇಡ ಅನಿಸಿದಾಗ ಮಾತ್ರ ಹರಿಯುವ ನೀರು. ಕೊನೆಗೂ ಬಗ್ಗಲಿಲ್ಲ. ತೊಡೆ ಮುರಿದು ಬಿದ್ದಾಗಲೂ, ನನ್ನಂಥ ಸಾವು ಯಾರಿಗುಂಟು, ದುಃಖದಲ್ಲಿ ಬದುಕುವವರು ನೀವು ಅನ್ನುತ್ತಾನೆ. ಮೇಲಿಂದ ಹೂಮಳೆಯೂ ಸುರಿಯುತ್ತದೆ. ಅವನಿಂದ ತಪ್ಪೊಪ್ಪಿಗೆ ಬರೆಸಿದರೆ ನಮಗೆ ಸಮಾಧಾನ, ಅವನಿಗೆ ಅನ್ಯಾಯ. ಅವನು ಒಪ್ಪದಿದ್ದರೂ ಹೊಣೆ ಅವನದೇ ಅಂತ ಹೇಳುವ ಪದ್ಯ ಬೇಕಿತ್ತು.

ಅಕ್ಕನ ಉತ್ತರ

ಒಪ್ಪಿದೆ. ಆದರೆ ಹೇಳಿದವರೇ ಬರೆದು ತೋರಿಸಬೇಕು, ಇಲ್ಲಿನ ಪದ್ಧತಿ ಅದು.

ಸಮಸ್ಯೆ ಕೊಟ್ಟವರ ಪೂರಣ

“ಧರೆಯಾಳಿದೆ ನಾ, ನಕ್ಕವರಳುವರು;
ಕೊರಗೇಕೆ”ನುತಲಿ ಹಮ್ಮಲೆ ಮಡಿದನು.
ಅರುಹದೆ ಉಳಿದುದು ಒಂದೇ ಮಾತದು –
ಕುರುಡನ ಮಗನನು ಕಣ್ಣೇ ಕೊಂದಿತು.

ಅಕ್ಕನ ಉತ್ತರ

‘ನಕ್ಕವರಳುವರು’ ಕದ್ದುಕೊಳ್ಳುವ ಹಾಗಿದೆ! ‘ಅರುಹದೆ’ ಸ್ವಲ್ಪ ಹಳೆಯದಾಯಿತು, ‘ಹೇಳದೆ’ ಹಾಕಿದರೆ ಪ್ರಾಸ ಕೆಡುತ್ತದೆ, ಇರಲಿ ಬಿಡಿ. ಮುಂದಿನ ಸಾಲು ನಾನು ಕೊಡುತ್ತೇನೆ. ಕರ್ಣನ ಮೇಲೆ, ಭಾಮಿನಿ ಷಟ್ಪದಿಯ ಛಂದಸ್ಸಿನಲ್ಲಿ. ಅವನ ವಿಷಯದಲ್ಲಿ ಜಗಳ ಜಾಸ್ತಿ ಆಗುತ್ತದೆ, ಈಗಲೇ ಸಿದ್ಧರಾಗಿ.