ಏಳನೇ ವಾರದಲ್ಲೇ ವೈದ್ಯರನ್ನು ಕಾಣಬೇಕೇ, ಮೂರು ತಿಂಗಳು ತುಂಬುವವರೆಗೆ ಕಾಯಬಹುದೇ?

ಪ್ರಶ್ನೆ

ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ನನಗೆ ಈಗ ಏಳನೇ ವಾರ. ಮನೆಯಲ್ಲಿ ಮಾಡಿಕೊಂಡ ಪರೀಕ್ಷೆಯಲ್ಲಿ ಗರ್ಭ ನಿಂತಿರುವುದು ತಿಳಿದಿದೆ. ಸ್ವಲ್ಪ ವಾಕರಿಕೆಯ ಹೊರತು ಯಾವ ತೊಂದರೆಯೂ ಇಲ್ಲ. ಮೂರು ತಿಂಗಳು ತುಂಬುವ ಮೊದಲು ವೈದ್ಯರು ಮಾಡುವಂಥದ್ದೇನೂ ಇರುವುದಿಲ್ಲ ಎಂದು ಮನೆಯವರು ಹೇಳುತ್ತಿದ್ದಾರೆ. ಥೈರಾಯ್ಡ್ ಕೊರತೆಗೆ ಕೆಲವು ವರ್ಷಗಳಿಂದ ಮಾತ್ರೆ ಸೇವಿಸುತ್ತಿದ್ದು, ಮಗುವಿಗೆ ಹಾನಿಯಾದೀತೆಂಬ ಭಯದಿಂದ ಅದನ್ನು ನಿಲ್ಲಿಸಬೇಕೆಂದುಕೊಂಡಿದ್ದೇನೆ. ತಿಳಿದವರು ದಯವಿಟ್ಟು ಸಲಹೆ ನೀಡಿ.

ಉತ್ತರ (ಪ್ರಸೂತಿ ತಜ್ಞೆ)

ಮೊದಲಿಗೆ, ಆ ಮಾತ್ರೆಯನ್ನು ನಿಲ್ಲಿಸಬೇಡಿ. ಭ್ರೂಣದ ಥೈರಾಯ್ಡ್ ಗ್ರಂಥಿ ಸುಮಾರು 12ನೇ ವಾರದ ಹೊತ್ತಿಗಷ್ಟೇ ಕೆಲಸ ಆರಂಭಿಸುವುದರಿಂದ, ಅಲ್ಲಿಯವರೆಗೆ ಅದರ ಮೆದುಳಿನ ಬೆಳವಣಿಗೆಗೆ ಬೇಕಾದ ಹಾರ್ಮೋನು ತಾಯಿಯ ರಕ್ತದಿಂದಲೇ ಬರಬೇಕು. ಗರ್ಭ ನಿಂತ ಕೆಲವೇ ವಾರಗಳಲ್ಲಿ ಅನೇಕರಿಗೆ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ. ಎಷ್ಟೆಂಬುದನ್ನು ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನು) ರಕ್ತಪರೀಕ್ಷೆ ನೋಡಿಯೇ ನಿರ್ಧರಿಸುತ್ತೇವೆ. ಇದೊಂದೇ ಕಾರಣಕ್ಕೂ ತಾವು ಈ ವಾರವೇ ಹೋಗುವುದು ಅಗತ್ಯ.

ಥೈರಾಯ್ಡ್ ತೊಂದರೆ ಇಲ್ಲದವರಿಗೂ ನಾನು ಇದನ್ನೇ ಹೇಳುತ್ತೇನೆ. ಮಗುವಿನ ಮೆದುಳು ಮತ್ತು ಬೆನ್ನುಹುರಿಯಾಗುವ ನರನಾಳವು ಮುಟ್ಟಿನ ಲೆಕ್ಕದ ಆರನೇ ವಾರದ ವೇಳೆಗೆ ಮುಚ್ಚಿಕೊಳ್ಳುತ್ತದೆ. ಆದ್ದರಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಗರ್ಭಧಾರಣೆಗೆ ಮೊದಲೇ ಆರಂಭಿಸಲು ಹೇಳುವುದು. ಆರಂಭಿಸಿಲ್ಲವಾದರೆ ಇಂದೇ ಆರಂಭಿಸಿ.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ವಿಷಯ ರಕ್ತದೊತ್ತಡದ್ದು. ಗರ್ಭಾವಸ್ಥೆಯ ಮಧ್ಯಭಾಗದಲ್ಲಿ ಅದು ಸಹಜವಾಗಿಯೇ ಇಳಿದು, ಕೊನೆಯ ತಿಂಗಳುಗಳಲ್ಲಿ ಮತ್ತೆ ಏರುತ್ತದೆ. ಹಳೆಯ ಏರೊತ್ತಡ ಇರುವ ಮಹಿಳೆ ಮೊದಲ ಬಾರಿಗೆ ಐದನೇ ತಿಂಗಳಲ್ಲಿ ಬಂದರೆ ಅಳತೆ ಸರಿಯಾಗಿಯೇ ಕಾಣಬಹುದು. ಎಂಟನೇ ತಿಂಗಳಲ್ಲಿ ಅದು ಏರಿದಾಗ, ಇದು ಮೊದಲಿನಿಂದಲೂ ಇದ್ದದ್ದೋ ಅಥವಾ 20 ವಾರಗಳ ನಂತರ ತಲೆದೋರುವ, ಗರ್ಭಿಣಿಯರ ಅಪಾಯಕಾರಿ ಏರೊತ್ತಡದ ಕಾಯಿಲೆಯಾದ ಪ್ರಿಎಕ್ಲಾಂಪ್ಸಿಯಾವೋ ಎಂದು ಬಿಡಿಸಿ ಹೇಳಲು ನಮ್ಮ ಬಳಿ ಹಿಂದಿನ ಅಂಕಿಯೇ ಇರುವುದಿಲ್ಲ. ಅದರ ಅಪಾಯ ಹೆಚ್ಚಿರುವವರಿಗೆ ನೀಡುವ ಕಡಿಮೆ ಪ್ರಮಾಣದ ಆಸ್ಪಿರಿನ್ ಕೂಡ 16ನೇ ವಾರಕ್ಕೆ ಮೊದಲು ಆರಂಭವಾದರೆ ಹೆಚ್ಚು ಫಲಕಾರಿ. ವೈದ್ಯರ ಸೂಚನೆಯಿಲ್ಲದೆ ಯಾರೂ ಅದನ್ನು ಸೇವಿಸಬಾರದು.

ಉತ್ತರ (ಸ್ಕ್ಯಾನಿಂಗ್ ವಿಭಾಗದಲ್ಲಿ ಕೆಲಸ ಮಾಡುವವರು)

ಮೊದಲ ತಿಂಗಳುಗಳಲ್ಲಿ ಎಲ್ಲ ಭ್ರೂಣಗಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುವುದರಿಂದ, ಆಗ ಉದ್ದವನ್ನು ಅಳೆದು ಹೇಳುವ ಹೆರಿಗೆ ದಿನಾಂಕ ಒಂದು ವಾರದೊಳಗಿನ ವ್ಯತ್ಯಾಸದಲ್ಲಿ ಸರಿಯಿರುತ್ತದೆ. ಕೊನೆಯ ತಿಂಗಳುಗಳಲ್ಲಿ ಆ ವ್ಯತ್ಯಾಸ ಮೂರು ವಾರಗಳವರೆಗೂ ಹೋಗುತ್ತದೆ. ಮಗು ನಿಜವಾಗಿಯೂ ಸಣ್ಣದಿದೆಯೋ ಅಥವಾ ತಿಂಗಳ ಲೆಕ್ಕವೇ ತಪ್ಪಿದೆಯೋ ಎಂಬ ಗೊಂದಲ ಎಷ್ಟೋ ಬಾರಿ ಹುಟ್ಟುವುದು ಇಲ್ಲಿಂದಲೇ. ಗರ್ಭವು ಗರ್ಭಕೋಶದ ಒಳಗೇ ನಿಂತಿದೆಯೇ, ಅವಳಿಗಳಾದರೆ ಎರಡಕ್ಕೂ ಒಂದೇ ಮಾಸುವೇ ಎಂಬುದೂ ಆರಂಭದಲ್ಲೇ ಸ್ಪಷ್ಟವಾಗುತ್ತದೆ. ಆದರೆ ಆರನೇ ವಾರಕ್ಕೂ ಮೊದಲೇ ಆತುರದಿಂದ ಬಂದು, ಹೃದಯಬಡಿತ ಕಾಣಲಿಲ್ಲವೆಂದು ಅನಗತ್ಯವಾಗಿ ಕಂಗಾಲಾಗುವವರೂ ಇದ್ದಾರೆ. ಏಳನೇ ವಾರ ತುಂಬಿದ ಮೇಲೆ ಆ ಸಂದೇಹ ಬಹುಮಟ್ಟಿಗೆ ಇರುವುದಿಲ್ಲ. ಹೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು ಅಥವಾ ರಕ್ತಸ್ರಾವ ಕಂಡರೆ ಮಾತ್ರ ಯಾವ ವಾರವೆಂದು ನೋಡದೆ ತಕ್ಷಣ ಹೋಗಬೇಕು.

ಉತ್ತರ (ಶುಶ್ರೂಷಕಿ)

ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಹೆರಿಗೆಗೆ ಮೊದಲು ಕನಿಷ್ಠ 8 ಭೇಟಿಗಳಿರಬೇಕೆಂದೂ, ಮೊದಲನೆಯದು 12 ವಾರಗಳೊಳಗೆ ಆಗಬೇಕೆಂದೂ ಶಿಫಾರಸು ಮಾಡಿತು. ಈ ಚರ್ಚೆಯನ್ನು ಓದುತ್ತಿರುವವರಲ್ಲಿ ಆ ಅವಧಿ ದಾಟಿದವರೂ ಇರಬಹುದು. ಅವರು ಬೈಗುಳಕ್ಕೆ ಅಂಜಿ ಇನ್ನಷ್ಟು ತಡಮಾಡಬಾರದು. ರಕ್ತಹೀನತೆ, ಆರ್‌ಎಚ್ ನೆಗೆಟಿವ್ ರಕ್ತದ ಗುಂಪು, ಸಿಫಿಲಿಸ್, ಎಚ್‌ಐವಿ ಮುಂತಾದವು ಐದನೇ ತಿಂಗಳಲ್ಲಿ ತಿಳಿದರೂ ಮಾಡಬಹುದಾದದ್ದು ಬಹಳವಿದೆ. ತಡವಾಗಿ ಬಂದವರನ್ನು ಗದರಿಸುವ ಸಿಬ್ಬಂದಿಯೂ ಇದನ್ನು ಯೋಚಿಸಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮಾತ್ರೆಯನ್ನು ಮುಂದುವರಿಸುತ್ತೇನೆ, ನಾಳೆಯೇ ಸಮಯ ಗೊತ್ತುಮಾಡಿಕೊಳ್ಳುತ್ತೇನೆ. ಹೋಗುವಾಗ ಏನನ್ನು ಒಯ್ಯಬೇಕು?

ಉತ್ತರ (ಪ್ರಸೂತಿ ತಜ್ಞೆ)

ಹಳೆಯ ಥೈರಾಯ್ಡ್ ವರದಿಗಳು, ಕೊನೆಯ ಮುಟ್ಟಿನ ದಿನಾಂಕ, ಮುಟ್ಟು ಎಷ್ಟು ದಿನಗಳಿಗೊಮ್ಮೆ ಬರುತ್ತಿತ್ತೆಂಬ ವಿವರ, ಮತ್ತು ನಾಟಿ ಔಷಧಿಯೂ ಸೇರಿದಂತೆ ಸೇವಿಸುತ್ತಿರುವ ಎಲ್ಲದರ ಪಟ್ಟಿ. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರೆ ಅದಕ್ಕೂ ಥೈರಾಯ್ಡ್ ಮಾತ್ರೆಗೂ ನಡುವೆ ನಾಲ್ಕು ಗಂಟೆಗಳ ಅಂತರವಿರಲಿ. ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ.