ಫೋಟೋ ‘ಮಸುಕಾಗಿದೆ’ ಅಂದರೆ ಯಾವ ಮಸುಕು? ಬಲ್ಲವರು ಪದ ಕೊಡಿ

ನಮ್ಮೂರಿನ ಹೈಸ್ಕೂಲು ಮಕ್ಕಳಿಗಾಗಿ ಕ್ಯಾಮೆರಾ ಬಳಸುವ ಬಗ್ಗೆ ನಾಲ್ಕು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ಮೂರು ಪುಟ ಸಲೀಸಾಗಿ ಮುಗಿಯಿತು. ‘ಫೋಟೋ ಯಾಕೆ ಶಾರ್ಪ್ ಬರಲಿಲ್ಲ’ ಎಂಬಲ್ಲಿಗೆ ಬಂದು ಒಂದು ವಾರದಿಂದ ನಿಂತಿದ್ದೇನೆ. ತೊಡಕಿರುವುದು ವಿಷಯದಲ್ಲಲ್ಲ, ಪದದಲ್ಲಿ.

ಕಳೆದ ಮಳೆಗಾಲ ಮಕ್ಕಳನ್ನು ಮಂಡಗದ್ದೆಯ ಪಕ್ಷಿಧಾಮಕ್ಕೆ ಕರೆದುಕೊಂಡು ಹೋಗಿದ್ದೆ. ತುಂಗೆ ತುಂಬಿ ಹರಿಯುತ್ತಿದ್ದಳು, ನಡುಗಡ್ಡೆಯ ಮರಗಳ ಬುಡ ನೀರಲ್ಲಿತ್ತು, ಕೊಂಬೆ ತುಂಬ ಬೆಳ್ಳಕ್ಕಿ. ಮೋಡದ ಬೆಳಕು. ಒಬ್ಬ ಹುಡುಗಿ ದೂರದ್ದನ್ನು ಹತ್ತಿರ ತೋರಿಸುವ 400 ಎಂಎಂ ಲೆನ್ಸಿನಲ್ಲಿ, ಶಟರ್ 1/160 ಸೆಕೆಂಡು ತೆರೆದಿರುವಂತೆ ಇಟ್ಟು ತೆಗೆದ ಚಿತ್ರ ತೋರಿಸಿ, ‘ಸರ್, ಮಸುಕಾಗಿದೆ’ ಅಂದಳು. ಲೆನ್ಸ್ ಸರಿ ಇಲ್ಲ ಅಂತ ಅವಳ ಅನುಮಾನ.

ಚಿತ್ರವನ್ನು ದೊಡ್ಡದು ಮಾಡಿ, ಹಕ್ಕಿಯನ್ನು ಬಿಟ್ಟು ಎಲೆ ತುದಿಯ ಮಳೆಹನಿ ನೋಡಿದೆವು. ಹನಿಯೊಳಗಿನ ಬೆಳಕಿನ ಚುಕ್ಕೆ ಚುಕ್ಕೆಯಾಗಿರಲಿಲ್ಲ, ಓರೆಯಾಗಿ ಎಳೆದ ಸಣ್ಣ ಗೀರಾಗಿತ್ತು. ಪಕ್ಕದ ಹನಿಯಲ್ಲೂ ಅದೇ ಓರೆ, ಅಷ್ಟೇ ಉದ್ದ, ಹಕ್ಕಿಯ ಕಣ್ಣಲ್ಲೂ ಅದೇ. ಲೆನ್ಸಿನ ತಪ್ಪಲ್ಲ, ಕೈ ಅಲುಗಿದೆ. 400 ಎಂಎಂ ಲೆನ್ಸನ್ನು ಕೈಯಲ್ಲಿ ಹಿಡಿದರೆ ಶಟರ್ ವೇಗ 1/400 ಸೆಕೆಂಡಾದರೂ ಬೇಕೆಂಬ ಹಳೆಯ ಲೆಕ್ಕ ಇರುವುದೇ ಇದಕ್ಕೆ. ಹನಿಗಳೆಲ್ಲ ಚುಕ್ಕೆಯಾಗಿಯೇ ಇದ್ದು ಬೆಳ್ಳಕ್ಕಿಯ ಕತ್ತು ಮಾತ್ರ ಉಜ್ಜಿದಂತಿದ್ದರೆ ಅಲುಗಿದ್ದು ಹಕ್ಕಿ. ಹಕ್ಕಿಯ ಪಕ್ಕದ ಹನಿಗಳು ದುಂಡಗೆ ಬಿಲ್ಲೆಗಳಂತೆ ಊದಿಕೊಂಡು, ಮುಂದಿನ ಕೊಂಬೆಯ ತೊಗಟೆ ಮಾತ್ರ ಗೆರೆಗೆರೆ ಕಂಡರೆ ಫೋಕಸ್ ಹೋಗಿ ಆ ಕೊಂಬೆಗೆ ಕೂತಿದೆ. ಹನಿಯ ಸುತ್ತ ಹೊಗೆಯಂಥ ಪ್ರಭೆ ಎದ್ದು ಇಡೀ ಚಿತ್ರ ಹಾಲು ಕಲಸಿದ ಹಾಗಿದ್ದರೆ ಗಾಜನ್ನು ನೋಡಬೇಕು. ಏಸಿ ಕಾರಿನಿಂದ ಆಗುಂಬೆಯ ತೇವದ ಗಾಳಿಗೆ ಇಳಿದ ತಕ್ಷಣ ಹಬೆ ಹಿಡಿಯುತ್ತದೆ. ಇಲ್ಲವೇ ಒಳಗೆ ಬೂಷ್ಟು ಬಂದಿರುತ್ತದೆ. ನಮ್ಮ ಮಳೆಗಾಲದಲ್ಲಿ ಲೆನ್ಸನ್ನು ಚೀಲದಲ್ಲೇ ಬಿಟ್ಟವರಿಗೆ ಅದರ ಜೇಡರ ಬಲೆಯಂಥ ಎಳೆಗಳ ಪರಿಚಯ ಚೆನ್ನಾಗಿಯೇ ಇದೆ.

ಒಂದೊಂದಕ್ಕೂ ಮದ್ದು ಬೇರೆ. ಕೈ ಅಲುಗಿದ್ದಕ್ಕೆ ಶಟರ್ ವೇಗ ಹೆಚ್ಚಿಸಬೇಕು, ಹಬೆಗೆ ಹತ್ತು ನಿಮಿಷ ಕಾಯಬೇಕು, ಬೂಷ್ಟಿಗೆ ಲೆನ್ಸ್ ಬಿಚ್ಚಿಸಿ ಒರೆಸಬೇಕು. ಎಲ್ಲಕ್ಕೂ ‘ಮಸುಕು’ ಎಂಬ ಒಂದೇ ಪದ ಬಳಸಿದರೆ ಮಗು ಯಾವ ಮದ್ದು ಮಾಡಬೇಕು? ಎಲ್ಲ ಜ್ವರಕ್ಕೂ ಒಂದೇ ಕಷಾಯ ಕೊಟ್ಟಂತಾಗುತ್ತದೆ.

ಸ್ಟುಡಿಯೋದವರು ‘ಶೇಕ್ ಆಗಿದೆ’, ‘ಔಟ್ ಆಗಿದೆ’ (ಫೋಕಸ್ ತಪ್ಪಿದೆ) ಎಂದು ಬೇರ್ಪಡಿಸಿಯೇ ಹೇಳುತ್ತಾರೆ. ಕನ್ನಡದಲ್ಲೂ ಅಷ್ಟು ಬಡತನವಿಲ್ಲ. ‘ಅಲುಗಿದ ಚಿತ್ರ’ ಅಂದರೆ ಯಾರಿಗೂ ಗೊತ್ತಾಗುತ್ತದೆ. ಗಾಜಿನ ತೊಂದರೆಗೆ ಕಣ್ಣಿನ ಮಾತು ಒದಗುತ್ತದೆ: ಪೊರೆ ಬಂದಾಗ ನಮ್ಮ ತಾಯಿ ‘ಕಣ್ಣು ಮಂಜಾಗಿದೆ’ ಅನ್ನುತ್ತಿದ್ದರು, ‘ಮಸುಕಾಗಿದೆ’ ಅಂದದ್ದು ನೆನಪಿಲ್ಲ. ಹಾಗಾಗಿ ‘ಮಂಜಾದ ಚಿತ್ರ’. ಜೋಗದಲ್ಲಿ ನೀರು ನೂಲಿನಂತೆ ಬರಲಿ ಎಂದು ಟ್ರೈಪಾಡ್ ಹಾಕಿ, ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು ತೀರ ಕಿರಿದು ಮಾಡಿ ಎಫ್ 22ಕ್ಕೆ ಹೋದಾಗ ಬಂಡೆಯ ಮೊನಚೆಲ್ಲ ಸವೆದುಹೋಗುತ್ತದಲ್ಲ, ಅದಕ್ಕೆ ಭೌತಶಾಸ್ತ್ರದ ‘ವಿವರ್ತನೆ’ (ಕಿರುಕಿಂಡಿ ದಾಟಿದ ಬೆಳಕು ಹರಡಿಕೊಳ್ಳುವುದು) ಇದ್ದೇ ಇದೆ.

ಸಿಗದಿರುವುದು ಫೋಕಸ್ ತಪ್ಪಿದ್ದಕ್ಕೆ. ಪಠ್ಯಪುಸ್ತಕದ ‘ಸಂಗಮ ದೂರ’ (ಫೋಕಲ್ ಲೆಂಗ್ತ್) ಲೆನ್ಸಿನ ಗುಣ ಹೇಳಲು ಸರಿ, ಆದರೆ ‘ಸಂಗಮ ತಪ್ಪಿದೆ’ ಅಂದರೆ ಮಕ್ಕಳು ಕೂಡಲಿಯಲ್ಲಿ ತುಂಗೆ ಭದ್ರೆಯರು ಸೇರಲಿಲ್ಲವೇನೋ ಅಂದುಕೊಂಡಾರು. ‘ಕಣ್ಣು ನೆಟ್ಟು ನೋಡು’ ಅನ್ನುತ್ತೇವೆ. ಆ ‘ನೆಡು’ವನ್ನೇ ತಂದು ‘ನೋಟ ಕೊಂಬೆಗೆ ನೆಟ್ಟಿದೆ, ಹಕ್ಕಿಗೆ ನೆಟ್ಟಿಲ್ಲ’ ಎಂದು ಬರೆದು ನೋಡಿದೆ. ಕ್ರಿಯೆಗೆ ಒಪ್ಪುತ್ತದೆ. ‘ನೆಡದ ಚಿತ್ರ’ ಎಂದು ಹೆಸರು ಮಾಡಿದರೆ ಕಿವಿಗೆ ಹಿಡಿಸುವುದಿಲ್ಲ.

ಇನ್ನು ‘ಶಾರ್ಪ್’. ಹರಿತ ಕತ್ತಿಗೆ, ಚೂಪು ಪೆನ್ಸಿಲ್ಲಿಗೆ, ಮೊನಚು ಮುಳ್ಳಿಗೆ. ಚಿತ್ರಕ್ಕೆ ನನ್ನ ಮನಸ್ಸು ಹೋಗುವುದು ‘ನಿಚ್ಚಳ’ದ ಕಡೆ. ಆಶ್ಚರ್ಯ ‘ಅಚ್ಚರಿ’ಯಾದ ಹಾಗೆ ನಿಶ್ಚಲವೇ ‘ನಿಚ್ಚಳ’ವಾಗಿದ್ದರೆ, ಅಲುಗದೆ ನಿಂತದ್ದು ಸ್ಪಷ್ಟವಾಗಿ ಕಾಣುತ್ತದೆ ಎಂಬ ಅರ್ಥ ಪದದೊಳಗೇ ಇದೆ. ಕಲಕದೆ ನಿಂತ ಕೆರೆಯ ನೀರಿನಲ್ಲಿ ತಳದ ಕಲ್ಲು ಕಾಣುವ ಹಾಗೆ.

ಹಾಗಾಗಿ ಬಲ್ಲವರಲ್ಲಿ ಎರಡು ಪ್ರಶ್ನೆ. ನಿಚ್ಚಳದ ಮೂಲ ನಿಶ್ಚಲವೇ ಆದರೆ, ಅಲುಗದೆಯೂ ಮಂಜಾದ ಚಿತ್ರವನ್ನು ‘ನಿಚ್ಚಳವಾಗಿಲ್ಲ’ ಅನ್ನಬಹುದೇ? ಮತ್ತೆ, ದನ ಕಾಯುವವರು, ಶಿಕಾರಿಯ ಕಾಲ ಕಂಡ ಹಿರಿಯರು, ಜರಿ ಕುಸುರಿ ಮಾಡುವವರು, ಯಾರ ಬಾಯಲ್ಲಾದರೂ ನೋಟ ಗುರಿಗಿಂತ ಹಿಂದೆಯೋ ಮುಂದೆಯೋ ಬಿದ್ದುದನ್ನು ಹೇಳುವ ಒಂದು ಪದ ಕೇಳಿದ್ದೀರಾ? ಊರಿನ ಹೆಸರು ಸಮೇತ ತಿಳಿಸಿ.