ಕಡಲ ಬದಿಯ ಮನೆಗೆ ದೀಪದ ಕಂಬ: ಯಾವುದು ಬಾಳಿಕೆ ಬರುತ್ತದೆ?

ಪಡುಕರೆ ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಲ್ಪೆ ಪಡುಕರೆಯಲ್ಲಿ, ಕಡಲಿಗೆ ತೀರಾ ಹತ್ತಿರ. ಗೇಟಿನಿಂದ ಜಗಲಿವರೆಗೆ ತೋಟದ ನಡುವೆ ಉದ್ದ ದಾರಿ ಉಂಟು, ಎರಡೂ ಬದಿ ಮಲ್ಲಿಗೆ, ದಾಸವಾಳ, ತೆಂಗು. ಕತ್ತಲಾದ ಮೇಲೆ ಅಮ್ಮ ಆ ದಾರಿಯಲ್ಲಿ ಬರುವುದು ನೋಡಿದರೆ ಹೆದರಿಕೆ ಆಗುತ್ತದೆ, ಹಾವು ಬೇರೆ ಓಡಾಡುತ್ತವೆ. ಅದಕ್ಕೆ ನಾಲ್ಕು ದೀಪದ ಕಂಬ ಹಾಕಿಸಬೇಕು ಅಂತ ಇದ್ದೇನೆ. ಒಂದು ಅಂಗಡಿಯವರು ಸೋಲಾರ್ ಹಾಕಿ, ವಯರಿಂಗ್ ರಗಳೆಯೇ ಇಲ್ಲ ಎಂದರು. ಇನ್ನೊಬ್ಬರು ಕಬ್ಬಿಣದ ಕಂಬಕ್ಕೆ ಪೌಡರ್ ಕೋಟಿಂಗ್ ಇದ್ದರೆ ಸಾಕು ಎಂದರು. ನಮ್ಮ ಗೇಟು ನೋಡಿದರೆ ಅದನ್ನು ನಂಬುವ ಧೈರ್ಯ ಬರುವುದಿಲ್ಲ. ಮೇಲೆ ಬಣ್ಣ ಚೆನ್ನಾಗಿಯೇ ಇದೆ, ಉಗುರಿನಲ್ಲಿ ಒತ್ತಿದರೆ ಒಳಗಿನಿಂದ ತುಕ್ಕು ಪದರ ಪದರವಾಗಿ ಉದುರುತ್ತದೆ. ಮಳೆಗಾಲಕ್ಕೆ ಮೊದಲು ಕೆಲಸ ಮುಗಿಯಬೇಕು. ಗೊತ್ತಿದ್ದವರು ಹೇಳಿ.

ಸುರತ್ಕಲ್ ವಯರಿಂಗ್:
ಮೊದಲು ಸೋಲಾರ್ ವಿಷಯ. ಡಿಸೆಂಬರಿನಿಂದ ಮೇವರೆಗೆ ಚೆನ್ನಾಗಿ ಉರಿಯುತ್ತದೆ. ಜೂನ್, ಜುಲೈಯಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ, ಬ್ಯಾಟರಿ ಅರ್ಧ ರಾತ್ರಿಗೂ ಬರುವುದಿಲ್ಲ. ನಿಮಗೆ ಬೆಳಕು ಜಾಸ್ತಿ ಬೇಕಾಗುವುದು ಆಗಲೇ ಅಲ್ವಾ? ಅದೂ ತೆಂಗಿನ ಮರದ ನೆರಳು ಬೇರೆ. ಹಾಗಾಗಿ ಕರೆಂಟಿನದ್ದೇ ಹಾಕಿಸಿ.

ಕಂಬ ಕೆಡುವುದು ಬುಡದಲ್ಲಿ ಮಾರಾಯ್ರೆ, ಮೇಲಿನಿಂದ ಅಲ್ಲ. ಉಪ್ಪುಗಾಳಿಯ ತೇವ ಪೈಪಿನ ಒಳಗೆ ಹೋಗಿ ನೀರಾಗಿ ಇಳಿದು ಕೆಳಗೆ ನಿಲ್ಲುತ್ತದೆ. ಹೊರಗೆ ಎಷ್ಟು ಬಣ್ಣ ಬಳಿದರೂ ಅದಕ್ಕೆ ಪ್ರಯೋಜನ ಇಲ್ಲ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ತಂದು ಆಮೇಲೆ ವೆಲ್ಡಿಂಗ್ ಮಾಡಿದರೆ ಅಲ್ಲಿ ಸತುವಿನ ಲೇಪ ಸುಟ್ಟು ಹೋಗುತ್ತದೆ, ತುಕ್ಕು ಅಲ್ಲಿಂದಲೇ ಶುರು. ಬುಡದ ಪ್ಲೇಟು, ತೂತು, ವೆಲ್ಡಿಂಗ್ ಎಲ್ಲ ಮುಗಿಸಿ, ಕೊನೆಗೆ ಇಡೀ ಕಂಬವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ಹಾಟ್ ಡಿಪ್ ಗ್ಯಾಲ್ವನೈಸಿಂಗ್‌ಗೆ ಕೊಡಿ. ನೀರು ಬಸಿದು ಹೋಗಲು ಬುಡದಲ್ಲಿ ಸಣ್ಣ ತೂತು ಇರಲಿ. ತುಕ್ಕು ಹಿಡಿಯದ ಸ್ಟೀಲ್ ಎಂದು ಮಾರುವುದಾದರೆ 304 ಎಂಬ ದರ್ಜೆಯದ್ದು ಬೇಡ, ಕಡಲ ಬದಿಯಲ್ಲಿ ಅದರ ಮೇಲೂ ಕಂದು ಚುಕ್ಕೆ ಏಳುತ್ತದೆ. 316 ಕೇಳಿ, ರೇಟು ಜಾಸ್ತಿ.

ನಿಮ್ಮದು ಹೊಯ್ಗೆ ನೆಲ. ಕಂಬ ಸುಮ್ನೆ ಹುಗಿದರೆ ಗಾಳಿಗೆ ವಾಲುತ್ತದೆ. ಕಾಂಕ್ರೀಟ್ ಬುಡ ಕಟ್ಟಿ, ನೆಲದಿಂದ ಒಂದು ಗೇಣಾದರೂ ಮೇಲೆ ತಂದು, ಬೋಲ್ಟ್ ಹಾಕಿ ಕೂರಿಸಿ.

ಇನ್ನು ವಯರಿಂಗ್. ದಯವಿಟ್ಟು ಇದರಲ್ಲಿ ಉಳಿತಾಯ ಮಾಡಬೇಡಿ. ಮಣ್ಣಿನ ಒಳಗೆ ಒಂದು ಜಾಯಿಂಟೂ ಇರಬಾರದು. ಇನ್ಸುಲೇಶನ್ ಟೇಪು ಸುತ್ತಿ ಹುಗಿದ ಜಾಯಿಂಟ್ ಅಗೆದು ನೋಡಿ, ತಾಮ್ರ ಹಸಿರು ಪುಡಿಯಾಗಿರುತ್ತದೆ, ಟೇಪು ಅಂಟಂಟಾಗಿ ಕೈಗೆ ಬರುತ್ತದೆ. ಮೂರು ಕೋರಿನ, ಉಕ್ಕಿನ ಕವಚ ಇರುವ ಆರ್ಮರ್ಡ್ ಕೇಬಲ್ ತನ್ನಿ, ಪೈಪಿನಲ್ಲಿ ಎಳೆದು ಎರಡು ಅಡಿ ಆಳದಲ್ಲಿ ಹಾಕಿ. ಹೆಗ್ಗಣಕ್ಕೂ ಅದೇ ಉತ್ತರ, ಗುದ್ದಲಿ ಏಟಿಗೂ ಅದೇ. ಕೇಬಲ್ ಒಂದು ಕಂಬದ ಒಳಗೆ ಹತ್ತಿ, ನೆಲದಿಂದ ಒಂದೂವರೆ ಅಡಿ ಮೇಲಿನ ಡಬ್ಬಿಯಲ್ಲಿ ಕನೆಕ್ಟರ್‌ಗೆ ಸೇರಿ, ಮತ್ತೆ ಇಳಿದು ಮುಂದಿನ ಕಂಬಕ್ಕೆ ಹೋಗಬೇಕು. ಎಲ್ಲ ಕಂಬಕ್ಕೂ ಅರ್ತ್ ಕೊಡಲೇಬೇಕು. ಮನೆಯ ಬೋರ್ಡಿನಲ್ಲಿ ಈ ಲೈನಿಗೆ ಬೇರೆಯೇ ಎಂಸಿಬಿ (ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ತಾನೇ ಬೀಳುವ ಸ್ವಿಚ್), ಜೊತೆಗೆ ಕರೆಂಟ್ ಲೀಕ್ ಆದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಅಮ್ಮ ಕಂಬ ಹಿಡಿದರೂ ಜೀವಕ್ಕೆ ಅಪಾಯ ಆಗದಂತೆ ಕಾಯುವುದು ಈ ಎರಡೇ, ಅರ್ತ್ ಮತ್ತು ಆರ್‌ಸಿಸಿಬಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ.

ಲೈಟು ಐಪಿ 65 ಇರಲಿ, ಅಂದರೆ ಧೂಳು, ನೀರಿನ ಎರಚಲು ಒಳಗೆ ಹೋಗದ್ದು. ಆದರೆ ವಯರ್ ಹೋಗುವ ತೂತಿಗೆ ಗ್ಲ್ಯಾಂಡ್ (ವಯರಿನ ಸುತ್ತ ಬಿಗಿಯಾಗಿ ಕೂತು ನೀರು ತಡೆಯುವ ಬಿರಡೆ) ಹಾಕದಿದ್ದರೆ ಆ ನಂಬರಿಗೆ ಅರ್ಥ ಇಲ್ಲ.

ಕಾರ್ಕಳದವಳು:
ಅಣ್ಣ ಹೇಳಿದ್ದು ಎಲ್ಲ ಸರಿ, ಆದರೆ ಕಬ್ಬಿಣವೇ ಯಾಕೆ ಬೇಕು? ನಮ್ಮ ಕಡೆ ಬೇಲಿಗೆ ಹಾಕುವ ಶಿಲೆಕಲ್ಲಿನ ಕಂಬ ನೋಡಿದ್ದೀರಲ್ಲ, ಅದನ್ನೇ ದೀಪಕ್ಕೂ ನಿಲ್ಲಿಸಬಹುದು. ಇಲ್ಲಿನ ಗೊಮ್ಮಟ 1432ರಿಂದ ಮಳೆಯಲ್ಲೇ ನಿಂತಿದ್ದಾನೆ, ಕಲ್ಲಿನ ಬಾಳಿಕೆಗೆ ಬೇರೆ ಸಾಕ್ಷಿ ಬೇಡ. ಕಂಬದ ಹಿಂಬದಿಗೆ ಪಿವಿಸಿ ಪೈಪ್ ಕೂರಿಸಿ ವಯರ್ ಎಳೆಯಿರಿ, ತಲೆಯ ಹತ್ತಿರ ಲೈಟು. ಕ್ಲ್ಯಾಂಪು, ಸ್ಕ್ರೂ ಮಾತ್ರ 316 ಸ್ಟೀಲಿನದ್ದೇ ಆಗಬೇಕು. ಮುರಕಲ್ಲಿನಲ್ಲಿ ಕಟ್ಟಿಸುತ್ತೇನೆ ಎಂದರೆ ಬೇಡ, ಅದು ನೀರು ಹೀರುತ್ತದೆ, ಪಾಚಿ ಹಿಡಿಯುತ್ತದೆ. ಮತ್ತೊಂದು, ತೆಂಗಿನ ಮರದ ನೇರ ಕೆಳಗೆ ಕಂಬ ಇಡಬೇಡಿ. ಒಂದು ಒಣ ಮಡಲು ಬಿದ್ದರೆ ಲೈಟು ಪುಡಿ.

ಕೋಡಿ ಕಿನಾರೆ:
ಬೆಳಕಿನ ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ. ಕಡಲ ಬದಿ ಮನೆ ಎಂದರೆ ಇದು ಮುಖ್ಯ. ಕುಂದಾಪುರದ ಕೋಡಿ, ಮಂಗಳೂರಿನ ಸಸಿಹಿತ್ಲು ಕಡೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಮರಿಗಳು ರಾತ್ರಿ ಹೊಯ್ಗೆಯಿಂದ ಎದ್ದು ಬೆಳಕು ಕಂಡ ಕಡೆಗೆ ಹೋಗುತ್ತವೆ. ಕತ್ತಲಲ್ಲಿ ಬೆಳ್ಳಗೆ ಕಾಣಬೇಕಾದದ್ದು ಸಮುದ್ರ. ನಮ್ಮ ಲೈಟು ಅದಕ್ಕಿಂತ ಜೋರಾಗಿದ್ದರೆ ರಸ್ತೆಗೆ ಬಂದು ಸಾಯುತ್ತವೆ. ನಿಮ್ಮ ಕಂಬದ ಬೆಳಕು ಕಿನಾರೆಗೆ ಕಾಣಲೇಬಾರದು. ಮೇಲೆ ಮುಚ್ಚಳ ಇರುವ, ಕೆಳಗೆ ಮಾತ್ರ ಬೆಳಕು ಬೀಳುವ ಲೈಟು ತೆಗೆದುಕೊಳ್ಳಿ. ನಡೆಯುವ ದಾರಿಗೆ ಮೂರಡಿಯ ಗಿಡ್ಡ ಕಂಬ ಸಾಕು, ಗೇಟಿನಲ್ಲಿ ಮಾತ್ರ ಎತ್ತರದ್ದು. ಬಲ್ಬು 6500 ಕೆಲ್ವಿನ್‌ನ ಬಿಳಿ ಬೇಡವೇ ಬೇಡ, 2700 ಅಥವಾ ಅದಕ್ಕಿಂತ ಹಳದಿ. ಮೊದಲ ಮಳೆಗೆ ಏಳುವ ಹಾತೆಗಳೂ ಹಳದಿಗೆ ಕಡಿಮೆ ಬರುತ್ತವೆ, ಹಾತೆ ಕಡಿಮೆಯಾದರೆ ಕಪ್ಪೆ ಕಡಿಮೆ, ಕಪ್ಪೆಯ ಹಿಂದೆ ಬರುವ ಹಾವೂ ಕಡಿಮೆ.

ಪಡುಕರೆ ಮನೆ:
ತುಂಬಾ ಉಪಕಾರ ಆಯಿತು. ಕಲ್ಲಿನ ಕಂಬವೇ ಮನಸ್ಸಿಗೆ ಬಂತು. ಆಮೆ ವಿಷಯ ನನಗೆ ಹೊಳೆದೇ ಇರಲಿಲ್ಲ, ಪಡುವಣ ಬದಿಗೆ ದೀಪ ಹಾಕುವುದೇ ಇಲ್ಲ. ಸುರತ್ಕಲ್ ಅಣ್ಣ, ಒಂದು ಪ್ರಶ್ನೆ: ಬಾವಿಯ ಪಂಪಿಗೆ ತೋಟದ ನಡುವೆಯೇ ಲೈನ್ ಹೋಗಿದೆ, ಅದರಿಂದ ಎಳೆದರೆ ಆಗುತ್ತದಾ?

ಸುರತ್ಕಲ್ ವಯರಿಂಗ್:
ಬೇಡ. ಪಂಪಿನಲ್ಲಿ ಸಣ್ಣ ಲೀಕೇಜ್ ಆದರೂ ಆರ್‌ಸಿಸಿಬಿ ಬಿದ್ದು ದಾರಿಯ ದೀಪವೂ ಹೋಗುತ್ತದೆ. ಅದೂ ಅಲ್ಲದೆ ಏಪ್ರಿಲ್, ಮೇಯಲ್ಲಿ ಸಂಜೆ ಸಿಡಿಲು ಶುರುವಾದಾಗ ಹೊರಗಿನ ಲೈನನ್ನು ಒಳಗಿನಿಂದಲೇ ಆಫ್ ಮಾಡುವ ಹಾಗೆ ಇರಬೇಕು. ಬೋರ್ಡಿನಿಂದ ಹೊಸ ಕೇಬಲ್ ಎಳೆಸಿ. ಕಲ್ಲು ನಿಲ್ಲಿಸುವ ಮೊದಲು ಚರಂಡಿ ತೋಡಿಸಿ ಪೈಪ್ ಹಾಕಿಸಿಬಿಡಿ.